ತೇರ್ಗಡೆಯಾದ ಮಕ್ಕಳು

2021ನೆಯ ಇಸವಿಯ ಆಗಸ್ಟ್ 9ರಂದು ಕರ್ನಾಟಕದ ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾಯಿತು. ಪರೀಕ್ಷೆಗೆ ಕುಳಿತ ಎಂಟು ಲಕ್ಷ ಎಪ್ಪತ್ತು ಸಾವಿರಕ್ಕೂ ಮಿಕ್ಕ ಮಕ್ಕಳಲ್ಲಿ ಒಂದೇ ಒಂದು ಹೆಸರಿನ ವಿನಾ ಉಳಿದವರೆಲ್ಲರೂ ತೇರ್ಗಡೆ, ನೂರಕ್ಕೆ 99.99! ರಾಜ್ಯದ ಚರಿತ್ರೆಯಲ್ಲಿ ಇಂಥ ಸುಗ್ಗಿ ಹಿಂದೆಂದೂ ಆಗಿರಲಿಲ್ಲ. ಎರಡೇ ದಿನದ ಪರೀಕ್ಷೆ, ಗುರುತು ಹಾಕುವಷ್ಟೇ ಉತ್ತರ, ಯಾರನ್ನೂ ಅನುತ್ತೀರ್ಣಗೊಳಿಸುವುದಿಲ್ಲವೆಂಬ ಅಭಯ ಮೊದಲೇ ದೊರೆತಿತ್ತು. ಸಾಂಕ್ರಾಮಿಕದ ಆ ದಿನಗಳಲ್ಲಿ ಬೇರೆ ದಾರಿಯೂ ಇರಲಿಲ್ಲವೆನ್ನಬೇಕು. ಒಂದರಿಂದ ಒಂಬತ್ತನೆಯ ತರಗತಿಯವರೆಗಿನ ಮಕ್ಕಳಂತೂ ಪರೀಕ್ಷೆಯ ಗೊಡವೆಯೇ ಇಲ್ಲದೆ ಒಂದು ಮೆಟ್ಟಿಲು ಮೇಲೇರಿದರು. ಹಿಂದಿನ ವರ್ಷವೂ ಹಾಗೆಯೇ ಏರಿದ್ದರು. ಮನೆಮನೆಯಲ್ಲಿ ಪೇಢೆ ಹಂಚಿದುದೂ ಆಯಿತು. ಏರಿದವರ ಕೈಯಲ್ಲಿ ಏನಿತ್ತೆಂಬುದನ್ನು ಮಾತ್ರ ಆಗ ಯಾರೂ ಕೇಳಲಿಲ್ಲ.

ಬೆಳಗಾವಿ ಜಿಲ್ಲೆಯ ಉತ್ತರದ ಐದು ತಾಲ್ಲೂಕುಗಳಾದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡಗಳಲ್ಲಿ ಈ ಪ್ರಶ್ನೆಗೆ ವಿಶೇಷವಾದ ತೂಕವಿದೆ. ಕಂದಾಯದ ಲೆಕ್ಕಕ್ಕೆ ಇವು ಬೆಳಗಾವಿ ಜಿಲ್ಲೆಯವಾದರೂ ಶಿಕ್ಷಣ ಇಲಾಖೆಯ ಪಾಲಿಗೆ ಚಿಕ್ಕೋಡಿಯೇ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. 2017ರಲ್ಲಿಯೂ 2018ರಲ್ಲಿಯೂ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಇದು ಇಡೀ ರಾಜ್ಯಕ್ಕೆ ಮೂರನೆಯ ಸ್ಥಾನ ಪಡೆದಿತ್ತು. ಕರಾವಳಿಯವರ ಸೊತ್ತೆಂದು ಎಲ್ಲರೂ ತಿಳಿದಿದ್ದ ಪಂಕ್ತಿಯಲ್ಲಿ ಕೃಷ್ಣಾ ತೀರದ ಮಕ್ಕಳು ಬಂದು ಕುಳಿತದ್ದು ಹೆಮ್ಮೆಯ ಸಂಗತಿಯೇ. ಆದರೆ ಈ ಹೆಮ್ಮೆಯೊಡನೆ ಒಂದು ಅಭ್ಯಾಸವೂ ಬೆಳೆಯಿತು. ಶಾಲೆಯ ಯೋಗ್ಯತೆಯನ್ನೆಲ್ಲ ಹತ್ತನೆಯ ತರಗತಿಯ ಬಾಗಿಲಲ್ಲಿ ನಿಂತು ಅಳೆಯುವ ಅಭ್ಯಾಸ ಅದು. ಸಾಂಕ್ರಾಮಿಕ ಬಂದು ಬಡಿದದ್ದಾದರೋ ಆ ಬಾಗಿಲಿಗಲ್ಲ, ಬುನಾದಿಗೆ.

ಈ ಭಾಗದ ಮಕ್ಕಳ ಪಾಲಿಗೆ ಶಾಲೆ ತಪ್ಪಿದ್ದು 2020ರಲ್ಲಿಯೇ ಮೊದಲೂ ಅಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿ ಹರಿದು ಐದೂ ತಾಲ್ಲೂಕುಗಳ ಹೊಳೆಸಾಲಿನ ಊರುಗಳನ್ನು ನುಂಗಿದವು. ಶಾಲೆಗಳಿಗೆ ರಜೆ ಕೊಟ್ಟರು. ನೀರು ಹೊಗದ ಶಾಲೆಗಳಲ್ಲಿ ಮನೆ ಕಳೆದುಕೊಂಡವರು ಆಶ್ರಯ ಪಡೆದರು. ಕೆಸರು ತೊಳೆದು, ನೆನೆದ ಪುಸ್ತಕಗಳ ಬದಲು ಹೊಸವನ್ನು ಹಂಚಿ, ಮಕ್ಕಳು ಮತ್ತೆ ಸಾಲಾಗಿ ಕುಳಿತು ಆರೇಳು ತಿಂಗಳು ಆಗಿದ್ದಿತೋ ಇಲ್ಲವೋ, 2020ರ ಮಾರ್ಚ್ ಮಧ್ಯದಲ್ಲಿ ಮತ್ತೆ ಬೀಗ ಬಿತ್ತು. ಹಿರಿಯ ತರಗತಿಗಳವರು 2021ರ ಆರಂಭದಲ್ಲಿ ಕೆಲವು ವಾರ ತರಗತಿಯ ಮುಖ ಕಂಡರು. ಅಷ್ಟರಲ್ಲಿ ಎರಡನೆಯ ಅಲೆ ಬಂದಿತು. ಅದೇ ವರ್ಷ ಜುಲೈಯಲ್ಲಿ ಮತ್ತೆ ಮಹಾಪೂರ. ನಿಪ್ಪಾಣಿಯ ಬಳಿ ಯಮಗರ್ಣಿಯಲ್ಲಿ ವೇದಗಂಗೆ ರಾಷ್ಟ್ರೀಯ ಹೆದ್ದಾರಿಯ ಮೇಲೆಯೇ ಹರಿಯಿತು. ಒಂದರಿಂದ ಐದನೆಯ ತರಗತಿಯ ಚಿಕ್ಕ ಮಕ್ಕಳಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಬೆರಳು ಮಡಿಸಿ ಎಣಿಸಿದರೆ ಹತ್ತೊಂಬತ್ತು ತಿಂಗಳು. 2020ರಲ್ಲಿ ಒಂದನೆಯ ತರಗತಿಗೆ ಹೆಸರು ಬರೆಸಿದ ಮಗು ಮೊದಲ ಬಾರಿಗೆ ಶಾಲೆಯ ಹೊಸ್ತಿಲು ದಾಟಿದಾಗ ಅದು ಆಗಲೇ ಎರಡನೆಯ ತರಗತಿಯ ವಿದ್ಯಾರ್ಥಿ! ಒಂದನೆಯ ತರಗತಿ ಹೇಗಿರುತ್ತದೆಂಬುದನ್ನು ಅದು ಕಣ್ಣಾರೆ ಕಾಣಲೇ ಇಲ್ಲ.

ಆ ಹತ್ತೊಂಬತ್ತು ತಿಂಗಳು ಉಪಾಧ್ಯಾಯರು ಕೈಕಟ್ಟಿ ಕುಳಿತಿದ್ದರೆಂದು ಹೇಳುವವರುಂಟು. ಅದು ಅನ್ಯಾಯದ ಮಾತು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಆರಂಭವಾಗಿ ಶಿಕ್ಷಕರು ಗುಡಿಯ ಕಟ್ಟೆಗೆ, ಮರದ ನೆರಳಿಗೆ, ಓಣಿಯ ಪಡಸಾಲೆಗೆ ತಾವೇ ನಡೆದು ಹೋಗಿ ಇಪ್ಪತ್ತು ಇಪ್ಪತ್ತೈದು ಮಕ್ಕಳ ಗುಂಪು ಕೂರಿಸಿಕೊಂಡು ಪಾಠ ಹೇಳಿದರು. ವಠಾರ ಶಾಲೆ ಎಂಬ ಆ ಏರ್ಪಾಡು, ಇಡೀ ಕಾಲಾವಧಿಯಲ್ಲಿ ಬಡ ಮಕ್ಕಳಿಗೆ ನಿಜವಾಗಿ ತಲುಪಿದ ಒಂದೇ ಒಂದು ಏರ್ಪಾಡೆಂದರೂ ಸಲ್ಲುತ್ತದೆ. ಸೋಂಕು ಹರಡುವ ಭಯದಿಂದ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು.

ಉಳಿದದ್ದು ದೂರವಾಣಿ. ನಗರದ ವಾಚಕರು ಆ ದಿನಗಳನ್ನು ಜ್ಞಾಪಿಸಿಕೊಂಡರೆ ಕಣ್ಣ ಮುಂದೆ ಬರುವ ಚಿತ್ರ ಸಾಮಾನ್ಯವಾಗಿ ಒಂದೇ: ಊಟದ ಮೇಜಿನ ಮೇಲೆ ಮೊಬೈಲು, ಅದರ ಮುಂದೆ ಆಕಳಿಸುವ ಮಗು, ಪಕ್ಕದಲ್ಲಿ ಕುಳಿತು ‘ಬರೆದುಕೊಂಡೆಯಾ?’ ಎಂದು ಗದರುವ ತಾಯಿ. ಆ ಗದರಿಕೆಯೇ ದೊಡ್ಡ ಭಾಗ್ಯವೆಂಬುದು ಆಗ ತೋಚಿರಲಾರದು. ಅಥಣಿ ತಾಲ್ಲೂಕಿನ ಪೂರ್ವದ ಒಣಭೂಮಿಯ ಮನೆಯೊಂದನ್ನು ಕಲ್ಪಿಸಿಕೊಳ್ಳಿ. ಮನೆಗೆಲ್ಲ ಒಂದೇ ಮೊಬೈಲು. ಅದು ತಂದೆಯ ಅಂಗಿಯ ಜೇಬಿನಲ್ಲಿ. ತಂದೆ ಕೂಲಿಗಾಗಿ ಸಾಂಗಲಿಯ ಕಡೆಗೋ ಇಚಲಕರಂಜಿಗೋ ಹೋದವನು. ಅವನು ಹೊತ್ತು ಮುಳುಗಿ ಮನೆಗೆ ಬಂದ ಮೇಲೆ ಬೆಳಗಿನ ಪಾಠ ಮಗುವಿಗೆ ಸಿಗಬೇಕು. ನಿಪ್ಪಾಣಿಯ ಓಣಿಗಳಲ್ಲಿ ತಾಯಿ ಸಾವಿರ ಬೀಡಿಯ ಲೆಕ್ಕ ಮುಗಿಸುವವರೆಗೆ ತಲೆ ಎತ್ತುವಂತಿಲ್ಲ. ಮಗಳು ಪಕ್ಕದಲ್ಲಿ ಕುಳಿತರೆ ಅವಳ ಕೈಗೂ ಎಲೆ ಬರುತ್ತದೆ, ಪುಸ್ತಕ ಬರುವುದಿಲ್ಲ. ಕಬ್ಬಿನ ಕಾಲಕ್ಕೆ ಗ್ಯಾಂಗಿನೊಡನೆ ಹೊರಟ ಮನೆಗಳ ಮಕ್ಕಳ ಮಾತಂತೂ ಹೇಳುವುದೇ ಬೇಡ.

ಇದಕ್ಕೆ ಗಡಿಸೀಮೆಯ ಇನ್ನೊಂದು ತೊಡಕು ಸೇರಿತು. ಕಾಗವಾಡ, ನಿಪ್ಪಾಣಿ, ಚಿಕ್ಕೋಡಿಗಳ ಎಷ್ಟೋ ಮನೆಗಳಲ್ಲಿ ಒಲೆಯ ಮುಂದಿನ ಮಾತು ಮರಾಠಿ, ಶಾಲೆಯ ಮಾತು ಕನ್ನಡ. ಕುಡಚಿಯಂಥ ಊರುಗಳಲ್ಲಿ ಮನೆಯ ಮಾತು ಉರ್ದು. ಇಂಥ ಮಗುವಿಗೆ ಶಾಲೆಯೆಂದರೆ ಪಾಠದ ಸ್ಥಳ ಮಾತ್ರವಲ್ಲ. ಆ ಭಾಷೆ ಕಿವಿಗೆ ಬೀಳುವ ಏಕೈಕ ಸ್ಥಳ. ಮಾಸ್ತರರ ಗದರಿಕೆ, ಆಟದ ಬಯಲಿನ ಜಗಳ, ಬಿಸಿಯೂಟದ ಸಾಲಿನ ಹರಟೆ, ಇವೆಲ್ಲವೂ ಅಲ್ಲಿ ಭಾಷಾಪಾಠವೇ. ಶಾಲೆ ಮುಚ್ಚಿದಾಗ ಇಂಥ ಮಗು ಪಠ್ಯದೊಡನೆ ಆ ಭಾಷೆಯ ಸಹವಾಸವನ್ನೂ ಕಳೆದುಕೊಂಡಿತು.

ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಒಳಗನ್ನು ಕಾಣದವರಿಗೆ ‘ನಲಿ-ಕಲಿ’ಯ ವಿಚಾರ ಸ್ವಲ್ಪ ಹೇಳಬೇಕು. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಮೊಳೆತು ಮುಂದೆ ರಾಜ್ಯದ ತುಂಬ ಹಬ್ಬಿದ ಪದ್ಧತಿಯಿದು. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪುಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ಚಿತ್ರದ ಕಾರ್ಡುಗಳಿವೆ, ಕಲಿಕೆಯ ಏಣಿಯಿದೆ, ಪ್ರತಿಯೊಂದು ಮಗುವೂ ತನ್ನ ಮೆಟ್ಟಿಲನ್ನು ತಾನೇ ಗುರುತಿಸಿ ಮುಂದೆ ಹೋಗುತ್ತದೆ. ಇದರ ಜೀವಾಳ ಅಕ್ಕೋರಷ್ಟೇ ಅಲ್ಲ, ಪಕ್ಕದಲ್ಲಿ ಕುಳಿತ ಒಂದು ವರ್ಷ ದೊಡ್ಡ ಮಗುವೂ ಹೌದು. ಒತ್ತಕ್ಷರದಲ್ಲಿ ತಡವರಿಸಿದ ಚಿಕ್ಕವನಿಗೆ ಮೂರನೆಯ ತರಗತಿಯ ಹುಡುಗಿ ಬೆರಳಿಟ್ಟು ತೋರಿಸುತ್ತಾಳೆ. ತೋರಿಸುತ್ತ ತಾನೂ ಗಟ್ಟಿಯಾಗುತ್ತಾಳೆ. ದೂರವಾಣಿಯ ಮೂಲಕ ಇದನ್ನು ಮಾಡುವುದು ಶಕ್ಯವಿಲ್ಲ. ಹತ್ತೊಂಬತ್ತು ತಿಂಗಳ ತರುವಾಯ ಕೊಠಡಿ ತೆರೆದಾಗ ಮೂರೂ ತರಗತಿಗಳು ಒಂದೇ ಮೆಟ್ಟಿಲಲ್ಲಿ ನಿಂತಿದ್ದವು. ತೋರಿಸಿಕೊಡಬಲ್ಲ ದೊಡ್ಡ ಮಗುವೇ ಇರಲಿಲ್ಲ.

ನಷ್ಟ ಎಷ್ಟೆಂಬುದನ್ನು ಅಳೆದು ನೋಡಿದವರೂ ಇದ್ದಾರೆ. 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದವರು ಕರ್ನಾಟಕವೂ ಸೇರಿ ಐದು ರಾಜ್ಯಗಳ 44 ಜಿಲ್ಲೆಗಳಲ್ಲಿ, 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿದರು. ಹೊಸದೇನು ಕಲಿತಿರೆಂದು ಅವರು ಕೇಳಲಿಲ್ಲ. ಮೊದಲು ಬರುತ್ತಿದ್ದುದರಲ್ಲಿ ಏನು ಉಳಿದಿದೆಯೆಂದು ನೋಡಿದರು. ನೂರಕ್ಕೆ 92 ಮಕ್ಕಳು ಭಾಷೆಯಲ್ಲಿ, 82 ಮಕ್ಕಳು ಗಣಿತದಲ್ಲಿ ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಸಾಮರ್ಥ್ಯವನ್ನು ಮರೆತಿದ್ದರು. ಕಂಡದ್ದನ್ನು ಬಾಯಲ್ಲಿ ವರ್ಣಿಸುವುದು, ಪರಿಚಿತ ಪದ ಓದುವುದು, ಚಿತ್ರ ನೋಡಿ ನಾಲ್ಕು ವಾಕ್ಯ ಬರೆಯುವುದು, ಎರಡಂಕಿಯ ಸಂಖ್ಯೆ ಗುರುತಿಸುವುದು, ಇಂಥ ಸಾಮರ್ಥ್ಯಗಳು. ಹಳ್ಳಿಗಳಲ್ಲಿ ‘ಅಸರ್’ ಸಮೀಕ್ಷೆ ನಡೆಸುವವರ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಕರ್ನಾಟಕದ ಐದನೆಯ ತರಗತಿಯ ಗ್ರಾಮೀಣ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ನೂರಕ್ಕೆ 46ರಷ್ಟಿದ್ದರು, 2022ರಲ್ಲಿ 30ರಷ್ಟಾದರು.

ಶಾಲೆ ತೆರೆದ ಮೇಲೆ ಎಲ್ಲವೂ ತಾನಾಗಿ ಸರಿಹೋಗುತ್ತದೆಂದು ನಂಬಿದವರು ಪಾಕಿಸ್ತಾನದ ಒಂದು ಉದಾಹರಣೆಯನ್ನು ಗಮನಿಸಬೇಕು. 2005ರ ಅಕ್ಟೋಬರಿನ ಭೂಕಂಪದಿಂದ ಅಲ್ಲಿನ ಉತ್ತರ ಭಾಗದ ಶಾಲೆಗಳು ಸರಾಸರಿ ಹದಿನಾಲ್ಕು ವಾರ ಮುಚ್ಚಿದ್ದವು. ನಾಲ್ಕು ವರ್ಷಗಳ ಅನಂತರ ಸಂಶೋಧಕರು ಆ ಮಕ್ಕಳನ್ನು ಪರೀಕ್ಷಿಸಿದಾಗ ಅವರು ಹಿಂದೆ ಬಿದ್ದಿದ್ದುದು ಹದಿನಾಲ್ಕು ವಾರಗಳಷ್ಟಲ್ಲ, ಒಂದೂವರೆ ವರ್ಷದಷ್ಟು! ಬಾಗಿಲು ತೆರೆದ ದಿನದಿಂದ ಪಾಠ ಪುಸ್ತಕದ ಪುಟದಂತೆ ಮುಂದೆ ಸಾಗಿತು, ಹಿಂದುಳಿದ ಮಗು ದಿನದಿನಕ್ಕೆ ಇನ್ನೂ ಹಿಂದುಳಿಯಿತು ಎಂಬುದೇ ಇದಕ್ಕೆ ಸಮಂಜಸವಾದ ವಿವರಣೆ. ಈ ನಷ್ಟ ತಟ್ಟದೆ ಉಳಿದ ಮಕ್ಕಳೂ ಅಲ್ಲಿ ಇದ್ದರು. ಅವರ ತಾಯಂದಿರು ಕನಿಷ್ಠಪಕ್ಷ ಪ್ರಾಥಮಿಕ ಶಾಲೆಯನ್ನು ಮುಗಿಸಿದವರು.

ಕರ್ನಾಟಕದಲ್ಲಿ ಸರ್ಕಾರ ಈ ಅಪಾಯವನ್ನು ಅರಿಯದೆ ಇರಲಿಲ್ಲ. 2022–23ನೆಯ ವರ್ಷವನ್ನು ‘ಕಲಿಕಾ ಚೇತರಿಕೆ’ಯ ವರ್ಷವೆಂದು ಕರೆದು, ಮೇ 16ರಂದೇ, ಎಂದರೆ ವಾಡಿಕೆಗಿಂತ ಹದಿನೈದು ದಿನ ಮುಂಚಿತವಾಗಿ, ಶಾಲೆ ಆರಂಭಿಸಿ, ಹಿಂದಿನ ಎರಡು ವರ್ಷಗಳ ಪಾಠವನ್ನೂ ಸೇರಿಸಿಕೊಂಡ ಕಲಿಕಾ ಹಾಳೆಗಳನ್ನು ಮಕ್ಕಳ ಕೈಗೆ ಕೊಟ್ಟರು. ಹಾಳೆ ತುಂಬಿಸುವ ಭರದಲ್ಲಿ ಕಲಿಸುವುದಕ್ಕೆ ಹೊತ್ತಿಲ್ಲದಂತಾಯಿತೆಂದು ಶಿಕ್ಷಕರು ಗೊಣಗಿದ್ದೂ ಉಂಟು. ಆದರೂ ಆಲೋಚನೆ ಸರಿಯಾಗಿತ್ತು. ದೇಶದ ಅಂಕಿಗಳೂ ಇದನ್ನು ಪುಷ್ಟೀಕರಿಸುತ್ತವೆ. ಭಾರತದ ಗ್ರಾಮೀಣ ಸರ್ಕಾರಿ ಶಾಲೆಗಳ ಮೂರನೆಯ ತರಗತಿಯಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು 2022ರಲ್ಲಿ ನೂರಕ್ಕೆ 16.3. ಅದೇ ತಂಡದ ಮಕ್ಕಳು 2024ರಲ್ಲಿ ಐದನೆಯ ತರಗತಿಗೆ ಬಂದಾಗ ಅಂಥವರ ಸಂಖ್ಯೆ 44.8. ಸಾಂಕ್ರಾಮಿಕಕ್ಕೆ ಮೊದಲು, 2018ರ ಐದನೆಯ ತರಗತಿಯವರಲ್ಲಿ ಇದು 44.2 ಇದ್ದಿತು. ಒಂದನೆಯ ತರಗತಿಯನ್ನೇ ಕಾಣದೆ ಬಂದ ಮಕ್ಕಳು ಹಿಂದಿನವರ ಸಮಕ್ಕೆ ಬಂದು ನಿಂತರೆಂಬುದು ಸಣ್ಣ ಮಾತಲ್ಲ. ಅಕ್ಷರದಿಂದ ಮತ್ತೆ ಆರಂಭಿಸಲು ಪ್ರಾಥಮಿಕ ಶಾಲೆಯ ಅಕ್ಕೋರು ಹೇಸಲಿಲ್ಲ. ಹಿಂದಿನ ಸಮವೆಂದರೆ ನೂರರಲ್ಲಿ ಐವತ್ತೈದು ಮಕ್ಕಳು ಓದಲಾರರೆಂದೇ ಅರ್ಥವಾಗುತ್ತದೆ. ಆ ಪುರಾತನ ವ್ಯಾಧಿಯ ವಿಚಾರ ಬೇರೆ.

ಎಲ್ಲರಿಗಿಂತ ಚಿಕ್ಕವರೇ ಹೆಚ್ಚು ಕೆಟ್ಟರೆಂದು ಎಲ್ಲರೂ ಹೆದರಿದ್ದರು. ಲೆಕ್ಕ ಬೇರೆಯದನ್ನು ತೋರಿಸುತ್ತಿದೆ. ಎಂಟನೆಯ ತರಗತಿಯವರ ಅಂಕಿ 2018ರಲ್ಲಿ 69, 2022ರಲ್ಲಿ 66.2, 2024ರಲ್ಲಿ 67.5. ಇಳಿದದ್ದು ಪೂರ್ತಿಯಾಗಿ ಏರಲಿಲ್ಲ. 2024ರಲ್ಲಿ ಎಂಟನೆಯ ತರಗತಿಯಲ್ಲಿದ್ದವರು ಯಾರು? ಶಾಲೆ ಮುಚ್ಚಿದ್ದ ಕಾಲಕ್ಕೆ ನಾಲ್ಕು ಮತ್ತು ಐದನೆಯ ತರಗತಿಗಳನ್ನು ಮನೆಯಲ್ಲಿ ಕಳೆದವರು. ಅವರು ಹಿಂತಿರುಗಿದಾಗ ನಲಿ-ಕಲಿಯ ಕೊಠಡಿ ದಾಟಿಯಾಗಿತ್ತು, ಕೆಲವೇ ತಿಂಗಳಲ್ಲಿ ಆರನೆಯ ತರಗತಿ, ವಿಷಯಕ್ಕೊಬ್ಬ ಶಿಕ್ಷಕರು. ವಿಜ್ಞಾನದ ಮಾಸ್ತರರು ವಿಜ್ಞಾನ ಕಲಿಸುತ್ತಾರೆ, ಸಮಾಜದವರು ಸಮಾಜ. ಒತ್ತಕ್ಷರ ಕಲಿಸುವುದು ಯಾರ ಪಾಳಿ? ಯಾರದೂ ಅಲ್ಲ. ಎಂಟನೆಯ ತರಗತಿಗೆ ಪ್ರೌಢಶಾಲೆ ಸೇರಿದ ಮೇಲಂತೂ ಶಾಲೆಯ ಗಮನವೆಲ್ಲ ಆ ಹತ್ತನೆಯ ತರಗತಿಯ ಬಾಗಿಲಿನ ಕಡೆಗೆ. ಹಿಂದೊಮ್ಮೆ ಮೂರನೆಯ ಸ್ಥಾನ ಕಂಡ ಜಿಲ್ಲೆಯಲ್ಲಿ ಆ ಒತ್ತಡ ಕಡಿಮೆಯೇನಲ್ಲ. ವಿಶೇಷ ತರಗತಿ, ಪ್ರಶ್ನಕೋಶ, ತೇರ್ಗಡೆಗೆ ಬೇಕಾದಷ್ಟು ಉತ್ತರದ ಬಾಯಿಪಾಠ, ಎಲ್ಲವೂ ನಡೆಯುತ್ತವೆ. ಓದಲು ಬಾರದ ಹುಡುಗ ಉತ್ತರವನ್ನು ಕೇಳಿ ಕಂಠಸ್ಥ ಮಾಡುತ್ತಾನೆ.

ಅವನನ್ನು ಗುರುತಿಸುವುದೂ ಸುಲಭವಲ್ಲ. ಆರು ವರ್ಷದ ಮಗು ‘ನನಗೆ ಬರೂದಿಲ್ಲ ಅಕ್ಕೋರ’ ಎಂದು ಧೈರ್ಯವಾಗಿ ಹೇಳುತ್ತದೆ. ಹದಿನಾಲ್ಕು ವರ್ಷದವನು ಹೇಳುವುದಿಲ್ಲ. ಹಿಂದಿನ ಬೆಂಚಿಗೆ ಸರಿಯುತ್ತಾನೆ, ಬೇರೆಯವರ ನೋಟು ನೋಡಿ ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡುತ್ತಾನೆ, ಗಟ್ಟಿಯಾಗಿ ಓದುವ ಸರದಿ ಬರುವ ದಿನ ಶಾಲೆಗೇ ಬರುವುದಿಲ್ಲ. ಆಮೇಲೆ ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಕಾಣಿಸಿಕೊಳ್ಳುತ್ತಾನೆ. ಹುಡುಗಿಯಾದರೆ ಮನೆಯವರು ವರನನ್ನು ಹುಡುಕತೊಡಗುತ್ತಾರೆ. ಎರಡನೆಯ ತರಗತಿಯ ಪುಸ್ತಕವನ್ನು ಓರಗೆಯವರ ಎದುರು ಅವನ ಕೈಗೆ ಕೊಡುವುದು ಕ್ರೌರ್ಯ. ಕೊಡದಿರುವುದು ಅದಕ್ಕಿಂತ ದೊಡ್ಡ ಕ್ರೌರ್ಯ.

2020ರ ನವೆಂಬರಿನಲ್ಲಿ, ಶಾಲೆಗಳು ಮುಚ್ಚಿದ್ದಾಗಲೇ, ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಯಿತು. ಅಲ್ಲಿ ತರಗತಿಯ ಹಾಜರಿ ಪುಸ್ತಕವಿಲ್ಲ. ದೊಡ್ಡ ಹುಡುಗನೊಬ್ಬ ಚಿಕ್ಕ ಮಕ್ಕಳ ಚಿತ್ರದ ಕಥೆ ಹಿಡಿದು ಕುಳಿತರೆ ತಮ್ಮನಿಗೆ ಓದಿ ಹೇಳಲೆಂದು ಒಯ್ಯುವ ನೆಪವೂ ಇದೆ. ಚಿಕ್ಕೋಡಿ, ಅಥಣಿ, ನಿಪ್ಪಾಣಿ ಪಟ್ಟಣಗಳಲ್ಲಿ ನಿವೃತ್ತ ಉಪಾಧ್ಯಾಯರಿಗೆ ಕೊರತೆಯಿಲ್ಲ. ಸಂಜೆ ಒಂದು ಗಂಟೆ ಅಂಥವರೊಬ್ಬರು ಆ ಗ್ರಂಥಾಲಯದಲ್ಲಿ ಕುಳಿತರೆ, ಹತ್ತು ಮಕ್ಕಳ ಜೊತೆಗೆ ಒಂದು ಬೇಸಿಗೆಯಲ್ಲಿ ಕಾಗುಣಿತವನ್ನೂ ಒತ್ತಕ್ಷರವನ್ನೂ ಮುಗಿಸಬಹುದು. ಹದಿನಾಲ್ಕು ವರ್ಷದ ಬುದ್ಧಿಗೆ ಅದು ಆರು ವರ್ಷದವನಿಗೆ ಹಿಡಿದಷ್ಟು ಕಾಲ ಹಿಡಿಯುವುದಿಲ್ಲ.

2020ರಲ್ಲಿ ನಾಲ್ಕನೆಯ ತರಗತಿಗೆ ಮನೆಯಿಂದಲೇ ಏರಿದ ಮಕ್ಕಳು ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳುವ ಸರದಿ 2027ರಲ್ಲಿ. ಆ ಸಲ ಗುರುತು ಹಾಕುವ ಪರೀಕ್ಷೆ ಇರುವುದಿಲ್ಲ. ಕೊಠಡಿಯಲ್ಲಿ ಕ್ಯಾಮರಾ ಇರುತ್ತದೆ.