ಕಣಗಿಲೆಯ ಅತಿಥಿಗಳು

ಶಿವಪೂಜೆಗೆ ಹೂವನ್ನೀಯುವ ಕಣಗಿಲೆಗೆ ಬೇಲಿ ಬೇಕಿಲ್ಲ. ವರ್ಷವಿಡೀ ಹಸುರಾಗಿರುವ ಈ ಪೊದೆಗೆ ದನಕರುಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಹೆದ್ದಾರಿಗಳ ನಡುವಣ ಪಟ್ಟಿಯಲ್ಲಿ ಇದನ್ನು ಸಾಲಾಗಿ ನೆಡುವುದಕ್ಕೆ ಅದೂ ಒಂದು ಕಾರಣ. ಬೇರು, ತೊಗಟೆ, ಎಲೆ, ಹೂ ಎಲ್ಲವೂ ವಿಷವೇ. ಓಲಿಯಾಂಡ್ರಿನ್ ಮೊದಲಾದ ಈ ವಿಷಗಳು ಹೃದಯದ ಬಡಿತವನ್ನೇ ತಪ್ಪಿಸುತ್ತವೆ. ಮಕ್ಕಳಿರುವ ಮನೆಯವರು ಇದನ್ನು ಮರೆಯಬಾರದು.

ಇಂತಹ ಗಿಡದಲ್ಲಿ ಒಂದು ಬೆಳಗ್ಗೆ ಎಲೆಗಳ ನಡುನರ ಮಾತ್ರ ಉಳಿದಿದ್ದರೆ, ತಿಂದವರಾರು? ಕೆಳಗೆ ಕರಿಯ ಹಿಕ್ಕೆಗಳು ಬಿದ್ದಿದ್ದರೆ ಮೇಲೆ ಕಣ್ಣಾಡಿಸಬೇಕು. ಬೆರಳುದ್ದದ ಹಸುರು ಹುಳು. ಬಾಲದ ತುದಿಯಲ್ಲೊಂದು ಗಿಡ್ಡ ಹಳದಿ ಕೊಂಬು. ಮುಟ್ಟಹೋದರೆ ತಲೆಯನ್ನು ಒಳಕ್ಕೆಳೆದುಕೊಂಡು ಮೈಯ ಮುಂಭಾಗವನ್ನು ಉಬ್ಬಿಸುತ್ತದೆ. ಆಗ ಅಲ್ಲಿ ಎರಡು ನೀಲಿ ಕಣ್ಣುಗಳು ತೆರೆದುಕೊಂಡಂತಾಗುತ್ತದೆ. ಅವು ಕಣ್ಣುಗಳಲ್ಲ, ಬರಿಯ ಬಣ್ಣದ ಬೊಟ್ಟುಗಳು. ಆದರೆ ಅದನ್ನು ವಿಚಾರಿಸುವಷ್ಟು ವ್ಯವಧಾನ ಹಸಿದ ಹಕ್ಕಿಗೆಲ್ಲಿ? ಇದೇ ಕಣಗಿಲೆ ಪತಂಗದ ಮರಿ. 1758ರಲ್ಲಿ ಲಿನೇಯಸ್ ಇದರ ಶಾಸ್ತ್ರೀಯ ನಾಮದಲ್ಲಿ ಕಣಗಿಲೆಯ ಹೆಸರನ್ನೇ ಸೇರಿಸಿದನು. ಆದರೂ ಅದು ನಂದಿಬಟ್ಟಲನ್ನು ಬಿಡುವುದಿಲ್ಲ! ಬೆಳೆದ ಹುಳು ಕಂದುಬಣ್ಣಕ್ಕೆ ತಿರುಗಿ, ನೆಲಕ್ಕಿಳಿದು ಕೋಶವಾಗುತ್ತದೆ. ಮುಂದೆ ಹಸುರು, ನಸುಗೆಂಪು ಬೆರೆತ ಪತಂಗವಾಗಿ ಮುಸ್ಸಂಜೆಯಲ್ಲಿ ಹೂಗಳನ್ನು ಅರಸಿ ಹಾರುತ್ತದೆ.

ವಿಷ ಇದಕ್ಕೇಕೆ ತಗಲದು? ನರಗಳನ್ನು ಸುತ್ತಿರುವ ಪೊರೆಯೇ ವಿಷವನ್ನು ಒಳಕ್ಕೆ ಬಿಡದೆ ತಡೆಯುತ್ತದೆಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಚಿಗುರಿಗೆ ಮುತ್ತುವ ಹಳದಿ ಸಸ್ಯಹೇನುಗಳ ಜಾಣತನ ಬೇರೆ ಬಗೆಯದು. ಅವು ವಿಷವನ್ನು ಮೈಯಲ್ಲಿಯೇ ಕೂಡಿಟ್ಟು, ತಮ್ಮನ್ನು ತಿನ್ನಬಂದವರಿಗೆ ಉಣಬಡಿಸುತ್ತವೆ. ಅವುಗಳ ಸಂಸಾರದಲ್ಲಿ ಗಂಡಿನ ಹಂಗಿಲ್ಲ. ಹೆಣ್ಣು ಹೆಣ್ಣುಮರಿಗಳನ್ನೇ ಈಯುತ್ತ ಹೋಗುತ್ತದೆ. ಕಪ್ಪುಗಂದು ರೆಕ್ಕೆಯಂಚಿನಲ್ಲಿ ಬಿಳಿಯ ಚುಕ್ಕೆಗಳಿರುವ ಚಿಟ್ಟೆಯೊಂದರ ಮರಿಯೂ ಈ ಎಲೆಯನ್ನೇ ತಿಂದು ಬೆಳೆಯುತ್ತದೆ. ಅದರ ಕೋಶ ಎಲೆಯಡಿಯಲ್ಲಿ ಬೆಳ್ಳಿಯ ಜುಮುಕಿಯಂತೆ ತೂಗುವುದನ್ನು ಮಕ್ಕಳಿಗೆ ತೋರಿಸಬೇಕು, ಮುಟ್ಟದಂತೆ ಎಚ್ಚರಿಸಿ.

ನಾಲ್ಕು ಎಲೆ ಹೋದೊಡನೆ ಕೀಟನಾಶಕದ ಸೀಸೆಗೆ ಕೈಹಾಕುವವರುಂಟು. ಹೇನುಗಳನ್ನು ತಿನ್ನಬಂದ ಗುಲಗಂಜಿ ಹುಳುಗಳೂ ಅದರಿಂದ ಸಾಯುತ್ತವೆ. ಅಳಿದುಳಿದ ಹೇನುಗಳಿಗೆ ಮತ್ತೆ ತುಂಬಿಕೊಳ್ಳಲು ಹೆಚ್ಚು ದಿನ ಬೇಕಿಲ್ಲ. ಅವು ಮಿತಿಮೀರಿದರೆ ರಭಸವಾಗಿ ನೀರು ಹಾಯಿಸಿ ಉದುರಿಸಬಹುದು. ಹಸುರು ಹುಳುವಂತೂ ತಾನಾಗಿಯೇ ಗಿಡವನ್ನು ಬಿಟ್ಟಿಳಿಯುತ್ತದೆ, ಬೋಳಾದ ರೆಂಬೆ ಮತ್ತೆ ಚಿಗುರುತ್ತದೆ. ರೆಂಬೆಯನ್ನು ಕತ್ತರಿಸಲೇಬೇಕಾದರೆ ಆಮೇಲೆ ಕೈಗಳನ್ನು ಚೆನ್ನಾಗಿ ತೊಳೆಯಬೇಕು. ಒಣಗಿದ ಕಡ್ಡಿಗಳನ್ನು ನೀರೊಲೆಗೆ ಹಾಕಕೂಡದು. ಅದರ ಹೊಗೆಯೂ ವಿಷವೇ.