ಹಳೆಯ ಕಸದ ಗುಂಡಿಗಳಿಗೆ ಒಂದು ಪಟ್ಟಿ ಬೇಕು

ರೈತನ ತಿಪ್ಪೆಯಲ್ಲಿ ಸಗಣಿ, ಹುಲ್ಲು, ಸೊಪ್ಪುಗಳು ಕೆಲವು ತಿಂಗಳಲ್ಲಿ ಕೊಳೆತು ಗೊಬ್ಬರವಾಗುತ್ತವೆ. ತನಗೆ ಸೇರಿದುದೆಲ್ಲವನ್ನೂ ಮಣ್ಣು ಅರಗಿಸಿಕೊಳ್ಳುವುದೆಂಬ ನಂಬಿಕೆ ನಮ್ಮ ಜನರಲ್ಲಿ ಬೇರೂರಿರುವುದು ಬಹುಶಃ ಇದರಿಂದಲೇ. ಆದರೆ ಬ್ಯಾಟರಿಯ ಸೀಸ, ಯಂತ್ರಗಳ ಜಿಡ್ಡು ತೆಗೆಯುವ ದ್ರಾವಕ ಮೊದಲಾದುವು ಸಗಣಿಯಂತೆ ಕೊಳೆಯುವ ವಸ್ತುಗಳಲ್ಲ. ಇವನ್ನು ಹೂತ ಗುಂಡಿಯ ಮೇಲೆ ಹುಲ್ಲು ಬೆಳೆದು ಹಲವು ದಶಕಗಳು ಕಳೆದರೂ ಅಪಾಯ ಕಳೆಯದೆ ಇರಬಹುದು. ಆದುದರಿಂದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಊರುಗಳಲ್ಲಿ ಹಳೆಯ ಕಸದ ಗುಂಡಿಗಳ ಶೋಧನೆ ಈಗಲೇ ಆರಂಭವಾಗಬೇಕೆಂದು ನಾನು ಭಾವಿಸುತ್ತೇನೆ.

ತಡಮಾಡಿದರೆ ಏನಾಗುವುದೆಂಬುದಕ್ಕೆ ಅಮೆರಿಕದ ಒಂದು ಸೈನಿಕ ನೆಲೆಯ ಚರಿತ್ರೆಯೇ ಸಾಕ್ಷಿ. ಉತ್ತರ ಕೆರೊಲಿನಾದ ಕ್ಯಾಂಪ್ ಲೆಜೂನ್ ನೆಲೆಯಲ್ಲಿ 1953ರಿಂದ 1980ರ ದಶಕದವರೆಗೆ ಸೈನಿಕರೂ ಅವರ ಮಡದಿ ಮಕ್ಕಳೂ ಕುಡಿದ ನೀರಿನಲ್ಲಿ ವಿಷಕರ ದ್ರಾವಕಗಳು ಸೇರಿದ್ದುವು. ನೆಲದಡಿಯ ಸೋರುವ ತೊಟ್ಟಿಗಳು, ಕಾರ್ಯಾಗಾರಗಳಲ್ಲಿ ಚೆಲ್ಲಿದ ದ್ರವಗಳು, ಹಳೆಯ ಕಸದ ತಾಣಗಳು, ನೆಲೆಯ ಹೊರಗಿದ್ದ ಬಟ್ಟೆ ಶುಚಿಮಾಡುವ ಅಂಗಡಿಯೊಂದು – ಇವು ಅದರ ಮೂಲಗಳು. 1982ರ ಮೇ ತಿಂಗಳಿನ ಒಂದು ಮಾದರಿಯಲ್ಲಿ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕ ಲೀಟರಿಗೆ 1,400 ಮೈಕ್ರೋಗ್ರಾಂ ಇದ್ದಿತು. ಇಂದು ಆ ದೇಶ ವಿಧಿಸಿರುವ ಮಿತಿ ಕೇವಲ 5 ಮೈಕ್ರೋಗ್ರಾಂ. ಹೆಚ್ಚು ಕೆಟ್ಟಿದ್ದ ಬಾವಿಗಳ ಬಳಕೆಯನ್ನು ನಿಲ್ಲಿಸಿದುದು 1984–85ರಲ್ಲಿ. ನೊಂದವರು ನ್ಯಾಯಾಲಯದಲ್ಲಿ ಪರಿಹಾರ ಕೇಳಲು ದಾರಿ ಮಾಡಿಕೊಟ್ಟ ಕಾನೂನು ಬಂದುದು 2022ರಲ್ಲಿ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು.

ಈ ದ್ರಾವಕ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರವುಳ್ಳದ್ದು. ಪೆಟ್ರೋಲಿನಂತೆ ನೀರಿನ ಮೇಲೆ ತೇಲದೆ, ಅಂತರ್ಜಲದ ಮಟ್ಟವನ್ನೂ ದಾಟಿ ಕೆಳಗಿಳಿದು ಬಂಡೆಯ ಬಿರುಕುಗಳಲ್ಲಿ ನೆಲೆಸಬಲ್ಲದು. ಅಲ್ಲಿಂದ ದಶಕಗಳ ಕಾಲ ಸ್ವಲ್ಪ ಸ್ವಲ್ಪವಾಗಿ ನೀರಿನಲ್ಲಿ ಕರಗುತ್ತಿರುವುದು. ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು. ಒಂದು ಲೀಟರು ದ್ರಾವಕದ ತೂಕ 1.46 ಕಿಲೋಗ್ರಾಂ. ಅದು ಸಮನಾಗಿ ಬೆರೆತರೆ ಸುಮಾರು 29 ಕೋಟಿ ಲೀಟರು ಶುದ್ಧ ನೀರನ್ನು ಮೇಲೆ ಹೇಳಿದ ಮಿತಿಗೆ ಮುಟ್ಟಿಸಲು ಸಾಕು. ಅಂಥ ನೀರನ್ನು ಕಣ್ಣಿನಿಂದ ಗುರುತಿಸುವುದು ಅಸಾಧ್ಯ.

ಹಾಗಾದರೆ ಗುಂಡಿಗಳನ್ನು ಶೋಧಿಸುವ ಕ್ರಮವೇನು? ಮೊದಲು ಹಳೆಯ ನಕ್ಷೆಗಳು, ವಿಮಾನದಿಂದ ತೆಗೆದ ಚಿತ್ರಗಳು, ಕಚೇರಿಯ ಕಡತಗಳು ಇವನ್ನು ನೋಡಿ, ನಿವೃತ್ತ ಕೆಲಸಗಾರರನ್ನು ವಿಚಾರಿಸಿ ಸ್ಥಳಗಳನ್ನು ಗೊತ್ತುಮಾಡುತ್ತಾರೆ. ಬಳಿಕ ಕಾಂತಮಾಪಕದಿಂದ ಹೂತ ಕಬ್ಬಿಣದ ಪೀಪಾಯಿಗಳನ್ನೂ, ನೆಲದ ವಿದ್ಯುತ್ ರೋಧವನ್ನು ಅಳೆದು ಗುಂಡಿಯ ಅಂಚು ಆಳಗಳನ್ನೂ ಅಗೆಯದೆಯೇ ಅಂದಾಜು ಮಾಡುತ್ತಾರೆ. ಕೊನೆಗೆ ಅಂತರ್ಜಲ ಹರಿಯುವ ದಿಕ್ಕನ್ನರಿತು, ಗುಂಡಿಯ ಮೇಲ್ಗಡೆಯೂ ಕೆಳಗಡೆಯೂ ಪರೀಕ್ಷೆಯ ಬಾವಿಗಳನ್ನು ಕೊರೆದು ಎರಡು ಕಡೆಯ ನೀರನ್ನು ಹೋಲಿಸುತ್ತಾರೆ.

ನಮಗೆ ಹತ್ತಿರದ ನಿದರ್ಶನ ಯಲಹಂಕದ ವಾಯುಪಡೆಯ ನೆಲೆಗೆ ಸಮೀಪದ ಮಾವಳ್ಳಿಪುರ. ಅಲ್ಲಿ ಸುರಿದುದು ಸೈನ್ಯದ ಕಸವಲ್ಲ, ಬೆಂಗಳೂರು ನಗರದ ಕಸ. ಕಸಕ್ಕೆ ಮುತ್ತುವ ಹಕ್ಕಿಗಳಿಂದ ವಿಮಾನಗಳಿಗೆ ಅಪಾಯವೆಂದು ವಾಯುಪಡೆ ಆಕ್ಷೇಪಿಸಿತು. ಹಳ್ಳಿಗರ ಹೋರಾಟವೂ ಸೇರಿ, 2012ರಲ್ಲಿ ಕಸ ಸುರಿಯುವುದು ನಿಂತಿತು. ಹಕ್ಕಿಗಳೇನೋ ಎಲ್ಲರ ಕಣ್ಣಿಗೂ ಕಾಣುತ್ತಿದ್ದುವು. ಕಸದಿಂದ ಇಳಿದ ರಸ ಹತ್ತಿರದ ಕೊಳದ ನೀರನ್ನು ಕೆಡಿಸಿದುದನ್ನು ತೋರಿಸಲು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರ ಪರೀಕ್ಷೆಗಳೇ ಬೇಕಾದುವು.

ಅದು ರಾಜಧಾನಿಯ ಮಾತು, ನಮ್ಮ ಊರುಗಳಿಗೇನು ಎಂದು ಕೆಲವರು ಕೇಳಬಹುದು. ಬ್ಯಾಟರಿ ಅಂಗಡಿ, ವಾಹನ ದುರಸ್ತಿಯ ಗ್ಯಾರೇಜುಗಳು ಇಲ್ಲಿಯೂ ಇವೆ. ಗೌರಿಬಿದನೂರಿನಲ್ಲಿ ಕೈಗಾರಿಕಾ ಪ್ರದೇಶವೂ ಇದೆ. ನಮ್ಮ ಸೀಮೆಯ ನೆಲದಡಿ ಇರುವುದು ಗಟ್ಟಿಯಾದ ಕಲ್ಲು. ಆಳದಲ್ಲಿ ನೀರು ದೊರೆಯುವುದು ಅದರ ಬಿರುಕುಗಳಲ್ಲಿ. ಕೊಳವೆ ಬಾವಿ ಹುಡುಕಿ ಹೋಗುವ ಬಿರುಕಿನಲ್ಲಿಯೇ ವಿಷವೂ ದಾರಿ ಮಾಡಿಕೊಳ್ಳಬಲ್ಲದು. ಇದಲ್ಲದೆ ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಜಿಲ್ಲೆಯ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಕೆರೆ ತುಂಬಿ ಅಂತರ್ಜಲ ಏರುವುದು ಹರ್ಷದ ಸಂಗತಿಯೇ. ಆದರೆ ಬಹುಕಾಲ ಒಣಗಿದ್ದ ನೆಲದ ಗುಂಡಿಯೊಂದರ ತಳವನ್ನು ಏರುವ ನೀರು ಮುಟ್ಟಿದರೆ, ಅಲ್ಲಿ ಮಲಗಿದ್ದ ವಿಷವೂ ಅದರೊಡನೆ ಹೊರಡುವುದು. ಕೆರೆ ತುಂಬಿಸುವವರೇ ಕೆರೆಯ ಸುತ್ತಲ ಗುಂಡಿಗಳನ್ನೂ ತಿಳಿದಿರಬೇಡವೇ?

ಕಾನೂನು ಸುಮ್ಮನೆ ಕುಳಿತಿಲ್ಲ. ಹಳೆಯ ಕಸದ ತಾಣಗಳನ್ನು ಪರಿಶೀಲಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ನಗರಾಡಳಿತಗಳಿಗೆ ವಿಧಿಸಿದುವು. ಕಲುಷಿತ ಸ್ಥಳಗಳ ನಿರ್ವಹಣೆಯ ಬಗೆಗೆ 2025ರಲ್ಲಿ ಪ್ರತ್ಯೇಕ ನಿಯಮಗಳೂ ಹೊರಬಿದ್ದಿವೆ. ಆದರೆ ರಾಶಿಯನ್ನು ಜರಡಿ ಹಿಡಿದು ತೆಗೆದು ನೆಲವನ್ನು ಬಿಡಿಸಿಕೊಂಡಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯಬಾರದು. ರಾಶಿ ಹೋದರೂ ಅದರಿಂದ ಈಗಾಗಲೇ ಇಳಿದ ರಸ ಕೆಳಗೆ ಉಳಿದಿರುತ್ತದೆ. ಪಟ್ಟಿ ಪ್ರಕಟವಾದರೆ ನಿವೇಶನಗಳ ಬೆಲೆ ಕುಸಿಯುವುದೆಂಬ ಆಕ್ಷೇಪಣೆಯೂ ಬರಬಹುದು. ನಿವೇಶನ ಕೊಂಡು ಮನೆ ಕಟ್ಟಿ, ಕೊಳವೆ ಬಾವಿ ಕೊರೆಸಿ, ಆ ನೀರನ್ನು ಮಕ್ಕಳಿಗೆ ಕುಡಿಸುವವರಿಗೆ ನೆಲದ ಪೂರ್ವಚರಿತ್ರೆ ತಿಳಿಯುವ ಹಕ್ಕಿಲ್ಲವೇ?

ಶೋಧನೆಯ ಮೊದಲ ಹೆಜ್ಜೆಗೆ ದುಬಾರಿ ಯಂತ್ರ ಬೇಕಿಲ್ಲ, ನೆನಪಿರುವವರು ಬೇಕು. ಮೂವತ್ತು ನಲವತ್ತು ವರ್ಷಗಳ ಹಿಂದೆ ಕಸದ ಗಾಡಿ ಎಲ್ಲಿ ಹೋಗುತ್ತಿದ್ದಿತೆಂಬುದನ್ನು ಬಲ್ಲ ಪೌರಕಾರ್ಮಿಕರೂ ಹಿರಿಯರೂ ಇಂದು ನಮ್ಮೊಡನಿದ್ದಾರೆ, ಎಂದೆಂದಿಗೂ ಇರಲಾರರು. ಅವರನ್ನು ಕೇಳಿ ಊರಿನ ನಕ್ಷೆಯ ಮೇಲೆ ಗುರುತು ಹಾಕುವ ಕೆಲಸವನ್ನು ಕಾಲೇಜಿನ ವಿದ್ಯಾರ್ಥಿಗಳು ಒಂದು ಬೇಸಗೆಯ ರಜೆಯಲ್ಲಿ ಮಾಡಬಲ್ಲರು. ಗುಂಡಿಯನ್ನು ತಾವೇ ಅಗೆಯಲು ಮಾತ್ರ ಹೋಗಬಾರದು. ಅದು ತಜ್ಞರ ಕೆಲಸ. ನಾಲ್ಕು ಊರುಗಳ ಆಡಳಿತಗಳು ಆ ನಕ್ಷೆಗಳನ್ನು ಸ್ವೀಕರಿಸಿ ಪ್ರಕಟಿಸಲಿ. ಗುರುತು ಬಿದ್ದ ಸ್ಥಳಗಳ ಸುತ್ತಲ ಬಾವಿಗಳ ನೀರನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿ ಫಲಿತಾಂಶವನ್ನು ಜನರ ಮುಂದಿಡಲಿ.