ಗಣಿನಾಡಿನ ಲಾಂಛನ: ಅದಿರು ಮುಗಿದ ಮೇಲೆ ಉಳಿಯುವುದೇನು?

ದಾವಣಗೆರೆ: ಹರಿಹರವನ್ನು ದಾಟಿದ ತುಂಗಭದ್ರೆ ಹರಪನಹಳ್ಳಿ, ಹೂವಿನಹಡಗಲಿ ತಾಲ್ಲೂಕುಗಳ ಅಂಚಿನಲ್ಲಿ ಹರಿದು ಹೊಸಪೇಟೆ ಬಳಿಯ ಜಲಾಶಯವನ್ನು ಸೇರುತ್ತದೆ. ಆ ಜಲಾಶಯದ ಆಚೆಗಿನ ನೆಲಕ್ಕೆ ಈಗ ‘ಗಣಿನಾಡು’ ಎಂಬುದೇ ಅಡ್ಡಹೆಸರು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಬಳ್ಳಾರಿಯಿಂದ ಇತ್ತ ಬಂದ ಹರಪನಹಳ್ಳಿ, 371(ಜೆ) ವಿಧಿಯ ಸೌಲಭ್ಯಕ್ಕಾಗಿ ನಡೆದ ಹೋರಾಟದ ಫಲವಾಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆ ಉದಯವಾದಾಗ ಅದರ ಪಾಲಾಯಿತು. ಹೀಗಾಗಿ ಗಣಿನಾಡಿನ ಏಳುಬೀಳು ಮಧ್ಯ ಕರ್ನಾಟಕಕ್ಕೆ ದೂರದ ಸಂಗತಿಯೇನೂ ಅಲ್ಲ.

2022ರಲ್ಲಿ ಆ ನೆಲದ ಭವಿಷ್ಯವನ್ನು ನಿರ್ಧರಿಸುವ ಎರಡು ಬೆಳವಣಿಗೆಗಳಾದವು. ಬಳ್ಳಾರಿಯ ಕಬ್ಬಿಣದ ಅದಿರು ಉತ್ಪಾದನೆಯ ವಾರ್ಷಿಕ ಮಿತಿಯನ್ನು ಸುಪ್ರೀಂ ಕೋರ್ಟ್ 2.8 ಕೋಟಿ ಟನ್‌ನಿಂದ 3.5 ಕೋಟಿ ಟನ್‌ಗೆ, ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳದ್ದನ್ನು 70 ಲಕ್ಷದಿಂದ 1.5 ಕೋಟಿ ಟನ್‌ಗೆ ಏರಿಸಿತು. ಜತೆಗೆ, ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಕೂಡಿಟ್ಟ ಸಾವಿರಾರು ಕೋಟಿ ರೂಪಾಯಿಗಳ ವಿನಿಯೋಗಕ್ಕೆ ಮಾರ್ಗವೂ ತೆರೆಯಿತು. ಅಗೆಯುವ ವೇಗ ಹೆಚ್ಚಿದೆ, ಪರಿಹಾರದ ಹಣವೂ ಇದೆ. ಈ ಎರಡರಲ್ಲಿ ಯಾವುದು ಮೊದಲು ಜನರನ್ನು ತಲುಪುತ್ತದೆ ಎಂಬುದೇ ಈಗಿನ ಪ್ರಶ್ನೆ.

ಒಣ ನೆಲ, ಕೆಂಪು ಬೆಟ್ಟ

ಬಳ್ಳಾರಿ ಮರುಭೂಮಿಯಲ್ಲ. ಆದರೆ ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವ ಈ ಬಯಲು ರಾಜ್ಯದ ಅತಿ ಒಣ ಪ್ರದೇಶಗಳಲ್ಲೊಂದು. 1800ರಲ್ಲಿ ಹೈದರಾಬಾದಿನ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಗಳಲ್ಲಿ ಇದೂ ಸೇರಿತ್ತು. 1876-78ರ ಭೀಕರ ಕ್ಷಾಮದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಮದರಾಸು ಪ್ರಾಂತ್ಯದಲ್ಲಿದ್ದ ಈ ಜಿಲ್ಲೆಯ ಕನ್ನಡ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಅದೇ ವರ್ಷ ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗೆ ಹರಿದದ್ದು ಈ ನೆಲದ ಪಾಲಿಗೆ ಅದಿರಿಗಿಂತ ದೊಡ್ಡ ಭಾಗ್ಯ.

ಈ ಬಯಲಿನ ನಡುವೆ ಸಂಡೂರಿನ ಬೆಟ್ಟಸಾಲುಗಳು ಬೇರೆಯದೇ ಲೋಕ. ಸುಮಾರು 250 ಕೋಟಿ ವರ್ಷಗಳಿಗೂ ಹಳೆಯದಾದ ಶಿಲೆಗಳ ಪಟ್ಟಿಯಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು ಬೆಟ್ಟದ ನೆತ್ತಿಯಲ್ಲೇ ನಿಂತಿದೆ. ಅದರ ಮೇಲೆ ಕಾಡು ಬೆಳೆದಿದೆ. ಮಳೆಯನ್ನು ಹಿಡಿದಿಟ್ಟು ಹಳ್ಳಗಳಿಗೆ ನಿಧಾನವಾಗಿ ಬಿಡುವುದು ಈ ಕಾಡೇ. ಅದಿರು ಬೇಕೆಂದರೆ ಕಾಡು ಕಳೆಯಬೇಕು, ಕಾಡು ಕಳೆದರೆ ಕೆಳಗಿನ ಕಣಿವೆಯ ನೀರು ಕಳೆಯುತ್ತದೆ. ಸಂಡೂರಿನ ಸಮಸ್ಯೆಯ ಮೂಲ ಈ ಭೂರಚನೆಯಲ್ಲೇ ಅಡಗಿದೆ.

ಉಡ, ಷಣ್ಮುಖ ಮತ್ತು ಸಂಸ್ಥಾನ

18ನೇ ಶತಮಾನದ ಆರಂಭದಲ್ಲಿ ಮರಾಠಾ ಸರದಾರ ಸಿದ್ದೋಜಿರಾವ್ ಘೋರ್ಪಡೆಯಿಂದ ಸ್ಥಾಪಿತವಾದ ಸಂಡೂರು ಸಂಸ್ಥಾನ 1949ರಲ್ಲಿ ಮದರಾಸು ಪ್ರಾಂತ್ಯದಲ್ಲಿ ವಿಲೀನವಾಗುವವರೆಗೂ ಉಳಿದಿತ್ತು. ಘೋರ್ಪಡೆ ಎಂಬ ಹೆಸರು ಉಡದಿಂದ ಬಂದಿತೆಂಬುದು ಐತಿಹ್ಯ. ಉಡಕ್ಕೆ ಹಗ್ಗ ಕಟ್ಟಿ ಕೋಟೆಯ ಗೋಡೆ ಹತ್ತಿದ ಸಾಹಸದಿಂದ ಮನೆತನಕ್ಕೆ ಆ ಹೆಸರು ದಕ್ಕಿತಂತೆ. ಸಂಸ್ಥಾನದ ನಿಜವಾದ ಹೆಗ್ಗುರುತು ಮಾತ್ರ ಬೆಟ್ಟದ ಮೇಲಿನ ಕುಮಾರಸ್ವಾಮಿ. ಚಾಲುಕ್ಯರ ಕಾಲದ ಪಾರ್ವತಿ ದೇವಾಲಯ ಮತ್ತು ಕುಮಾರಸ್ವಾಮಿ ದೇವಾಲಯಗಳ ಸುತ್ತಲ ಬೆಟ್ಟಗಳು ಸ್ವಾಮಿಮಲೆ, ದೇವದಾರಿ ಎಂದು ದೇವರ ನಂಟಿನ ಹೆಸರುಗಳಿಂದಲೇ ಪ್ರಸಿದ್ಧ.

ಕಾಲಾಂತರದಲ್ಲಿ ಅವೇ ಹೆಸರುಗಳು ಗಣಿಗಳ ಹೆಸರುಗಳಾದವು. 20ನೇ ಶತಮಾನದ ಆರಂಭದಲ್ಲೇ ಇಲ್ಲಿ ಮ್ಯಾಂಗನೀಸ್ ಅಗೆತ ನಡೆದಿತ್ತು. ಮುಂದೆ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮ ದೋಣಿಮಲೆಯಲ್ಲಿ ಮತ್ತು ಕುಮಾರಸ್ವಾಮಿ ಎಂದೇ ಹೆಸರಾದ ಗಣಿಯಲ್ಲಿ ಅದಿರು ತೆಗೆಯಿತು. ತೋರಣಗಲ್ಲಿನಲ್ಲಿ ಉಕ್ಕಿನ ಸ್ಥಾವರಕ್ಕೆ ಇಂದಿರಾ ಗಾಂಧಿ 1971ರಲ್ಲಿ ಶಂಕುಸ್ಥಾಪನೆ ಮಾಡಿದರೂ ಅಲ್ಲಿ ಉಕ್ಕು ಕರಗಲು ದಶಕಗಳೇ ಬೇಕಾದವು. ಅದೂ ಖಾಸಗಿ ಬಂಡವಾಳದಿಂದ.

‘ಗಣರಾಜ್ಯ’ದ ದಿನಗಳು

2000ದ ದಶಕದಲ್ಲಿ ಚೀನಾದ ಬೇಡಿಕೆ ಅದಿರಿನ ಬೆಲೆಯನ್ನು ಗಗನಕ್ಕೇರಿಸಿತು. ಟನ್ ಅದಿರು ಸಾವಿರಾರು ರೂಪಾಯಿಗೆ ಮಾರಾಟವಾಗುತ್ತಿದ್ದಾಗ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನ ಟನ್ನಿಗೆ 30 ರೂಪಾಯಿಗೂ ಕಡಿಮೆ. ಬೆಲೆಯ ಶೇ 10ರಷ್ಟು ರಾಜಧನ ನಿಗದಿಯಾದದ್ದು 2009ರಲ್ಲಿ. ಅದು ಶೇ 15ಕ್ಕೆ ಏರಿದ್ದು 2014ರಲ್ಲಿ. ಆ ವೇಳೆಗೆ ಭರಾಟೆಯ ವರ್ಷಗಳು ಕಳೆದುಹೋಗಿದ್ದವು. ಬೆಟ್ಟ ಸಾರ್ವಜನಿಕರದ್ದು, ಲಾಭ ಕೆಲವರದ್ದು ಎಂಬ ಆಕ್ರೋಶಕ್ಕೆ ಆಧಾರ ಈ ಲೆಕ್ಕದಲ್ಲೇ ಇತ್ತು.

ಇದೇ ಅವಧಿಯಲ್ಲಿ ಜಿಲ್ಲೆಗೆ ‘ಬಳ್ಳಾರಿ ಗಣರಾಜ್ಯ’ ಎಂಬ ಅಣಕದ ಹೆಸರು ಅಂಟಿತು. ಕರ್ನಾಟಕ ಮತ್ತು ಆಂಧ್ರದ ನಡುವಿನ ಗಡಿಯ ಗುರುತುಗಳೇ ವಿವಾದಕ್ಕೆ ಸಿಲುಕಿ, ಸುಪ್ರೀಂ ಕೋರ್ಟ್ ನಿರ್ದೇಶನದಂತೆ ಭಾರತೀಯ ಸರ್ವೇಕ್ಷಣಾ ಇಲಾಖೆ ಗಡಿ ಅಳೆಯಬೇಕಾಯಿತು. ಲೋಕಾಯುಕ್ತ ನ್ಯಾಯಮೂರ್ತಿ ಎನ್.ಸಂತೋಷ್ ಹೆಗ್ಡೆ 2008ರ ಡಿಸೆಂಬರ್ ಮತ್ತು 2011ರ ಜುಲೈನಲ್ಲಿ ಸಲ್ಲಿಸಿದ ವರದಿಗಳು ಅಕ್ರಮದ ಆಳವನ್ನು ತೆರೆದಿಟ್ಟವು. ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ವಿಚಾರಣೆ ನಡೆಸಿದ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್‌ನ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸಿ, ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಉತ್ಪಾದನೆಗೆ ಮಿತಿ ಹಾಕಲಾಯಿತು.

ನೆವಾಡದ ಪಾಠ

ಅದಿರಿನಿಂದಲೇ ಹುಟ್ಟಿದ ರಾಜ್ಯವೊಂದು ಅಮೆರಿಕದಲ್ಲಿದೆ. ಆ ದೇಶದ ಅತ್ಯಂತ ಒಣ ರಾಜ್ಯವೆನಿಸಿದ ನೆವಾಡದ ಮರುಭೂಮಿಯಲ್ಲಿ 1859ರಲ್ಲಿ ಬೆಳ್ಳಿಯ ನಿಕ್ಷೇಪ ಪತ್ತೆಯಾಯಿತು. ಐದೇ ವರ್ಷಗಳಲ್ಲಿ, ಅಂತರ್ಯುದ್ಧದ ನಡುವೆಯೇ, 1864ರ ಅಕ್ಟೋಬರ್ 31ರಂದು ಅದು ರಾಜ್ಯವಾಯಿತು. ಅದರ ಧ್ವಜದಲ್ಲಿ ಬೆಳ್ಳಿಯ ನಕ್ಷತ್ರವಿದೆ, ಅದರ ಸುತ್ತ ಮರುಭೂಮಿಯ ಸೇಜ್ ಪೊದೆಯ ಕುಡಿಗಳಿವೆ, ಯುದ್ಧಕಾಲದಲ್ಲಿ ಜನಿಸಿದ ನಾಡೆಂಬ ಬರಹವಿದೆ. ರಾಜ್ಯ ಮುದ್ರೆಯಲ್ಲಿ ಗಣಿ, ಅದಿರು ಅರೆಯುವ ಗಿರಣಿ ಮತ್ತು ರೈಲು ಇವೆ. ಅದೇ ಮುದ್ರೆಯಲ್ಲಿ ನೇಗಿಲು ಮತ್ತು ತೆನೆಯ ಕಟ್ಟು ಸಹ ಇವೆ ಎಂಬುದು ಗಮನಾರ್ಹ.

ಆದರೆ ನೇಗಿಲು ಮುದ್ರೆಯಲ್ಲಿದ್ದ ಮಾತ್ರಕ್ಕೆ ಬದುಕು ಭದ್ರವಾಗಲಿಲ್ಲ. ಬೆಳ್ಳಿ ಕುಸಿದಾಗ 1880ರಲ್ಲಿ ಸುಮಾರು 62 ಸಾವಿರವಿದ್ದ ಜನಸಂಖ್ಯೆ 1900ರ ಹೊತ್ತಿಗೆ 42 ಸಾವಿರಕ್ಕೆ ಇಳಿಯಿತು. ರಾಜ್ಯದ ಸ್ಥಾನಮಾನವನ್ನೇ ಕಿತ್ತುಕೊಳ್ಳಬೇಕೆಂಬ ಮಾತೂ ಕೇಳಿಬಂದಿತ್ತು. ಒಂದು ಕಾಲಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರಿದ್ದ ವರ್ಜೀನಿಯಾ ಸಿಟಿಯಲ್ಲಿ ಇಂದು ಸಾವಿರ ಜನರೂ ಇಲ್ಲ. 1931ರಲ್ಲಿ ಜೂಜನ್ನು ಕಾನೂನುಬದ್ಧಗೊಳಿಸಿದ ರಾಜ್ಯ ಅದನ್ನೇ ನೆಚ್ಚಿ ಮತ್ತೆ ಬೆಳೆಯಿತು. ಇಂದಿಗೂ ಅಮೆರಿಕದ ಚಿನ್ನದ ಬಹುಪಾಲು ಅಲ್ಲಿಂದಲೇ ಬರುತ್ತಿದ್ದರೂ, ಗಣಿಗಳ ನಿವ್ವಳ ಆದಾಯದ ಮೇಲಿನ ತೆರಿಗೆ ಶೇ 5 ಮೀರದಂತೆ ರಾಜ್ಯದ ಸಂವಿಧಾನವೇ ತಡೆ ಹಾಕಿದೆ. ಚಿನ್ನ, ಬೆಳ್ಳಿ ಕಂಪನಿಗಳ ಒಟ್ಟು ಆದಾಯದ ಮೇಲೆ ಪ್ರತ್ಯೇಕ ತೆರಿಗೆ ವಿಧಿಸಿ ಶಿಕ್ಷಣಕ್ಕೆ ಬಳಸುವ ಶಾಸನ ಬಂದದ್ದು 2021ರಲ್ಲಿ, ಅಂದರೆ ರಾಜ್ಯ ರಚನೆಯಾದ ಒಂದೂವರೆ ಶತಮಾನದ ಬಳಿಕ.

ನಮ್ಮಲ್ಲೂ ಇದೆ ನಿದರ್ಶನ

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬರಪೀಡಿತ ಕೋಲಾರದಲ್ಲಿ ಶತಮಾನಕ್ಕೂ ಹೆಚ್ಚು ಕಾಲ ಚಿನ್ನ ತೆಗೆದ ಕೆಜಿಎಫ್ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. 1902ರಲ್ಲೇ ಶಿವನಸಮುದ್ರದ ವಿದ್ಯುತ್ ಪಡೆದ ಊರಿನಲ್ಲಿ ಉಳಿದದ್ದು ಸೈನೈಡ್ ಮಣ್ಣಿನ ದಿಬ್ಬಗಳು ಮತ್ತು ಕೆಲಸಕ್ಕಾಗಿ ನಿತ್ಯ ಬೆಂಗಳೂರಿನ ರೈಲು ಹತ್ತುವ ಜನ. ಹತ್ತಿ ಗಿರಣಿಗಳ ಅವಸಾನ ಕಂಡ ದಾವಣಗೆರೆಗೆ, ಮೈಸೂರು ಕಿರ್ಲೋಸ್ಕರ್ ಬಾಗಿಲು ಮುಚ್ಚಿದ್ದನ್ನು ಕಂಡ ಹರಿಹರಕ್ಕೆ ಒಂದೇ ಉದ್ಯಮವನ್ನು ನೆಚ್ಚಿದ ಊರಿನ ಕಷ್ಟ ಹೊಸದಲ್ಲ. ದಾವಣಗೆರೆ ಶಿಕ್ಷಣ ಮತ್ತು ವ್ಯಾಪಾರದಲ್ಲಿ ಬೇರೆ ದಾರಿ ಕಂಡುಕೊಂಡಿತು. ಗಿರಣಿಯ ಜಾಗದಲ್ಲಿ ಬೇರೊಂದನ್ನು ಕಟ್ಟಬಹುದು. ಅಗೆದ ಬೆಟ್ಟವನ್ನು ಮರಳಿ ಕಟ್ಟಲಾಗದು.

ಆದ್ದರಿಂದಲೇ ದೇವದಾರಿ ಬೆಟ್ಟದ ವಿವಾದ ಮುಖ್ಯವಾಗುತ್ತದೆ. ಸುಪ್ರೀಂ ಕೋರ್ಟ್ ಆದೇಶದಿಂದಾಗಿ 2005ರ ಅಂತ್ಯಕ್ಕೆ ಕುದುರೆಮುಖದಲ್ಲಿ ಗಣಿಗಾರಿಕೆ ನಿಲ್ಲಿಸಿದ ಕೇಂದ್ರೋದ್ಯಮ ಕೆಐಒಸಿಎಲ್‌ಗೆ ಇಲ್ಲಿ ಸುಮಾರು 400 ಹೆಕ್ಟೇರ್ ಅರಣ್ಯದಲ್ಲಿ ಗಣಿ ಮಂಜೂರಾಯಿತು. ಸುಮಾರು 99 ಸಾವಿರ ಮರಗಳು ಉರುಳುತ್ತವೆ ಎಂಬ ಅಂದಾಜು ಹೊರಬಿದ್ದಾಗ ಸಂಡೂರಿನಲ್ಲಿ ಪ್ರತಿಭಟನೆ ಭುಗಿಲೆದ್ದಿತು. 2024ರ ಜೂನ್‌ನಲ್ಲಿ ರಾಜ್ಯದ ಅರಣ್ಯ ಸಚಿವರು ಭೂಮಿ ಹಸ್ತಾಂತರಿಸದಂತೆ ಸೂಚಿಸಿದರು. ಉದ್ಯೋಗ ಉಳಿಸಿಕೊಳ್ಳಬೇಕೆಂಬ ಕಂಪನಿಯ ಕಾರ್ಮಿಕರ ವಾದವನ್ನೂ ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಮಲೆನಾಡಿನ ಕಾಡನ್ನು ಉಳಿಸಲು ಅನ್ವಯವಾದ ತರ್ಕ, ಕಾಡೇ ಅಪರೂಪವಾದ ಬಯಲುಸೀಮೆಗೆ ಇನ್ನಷ್ಟು ಅನ್ವಯವಾಗಬೇಕಲ್ಲವೇ?

ಹಣವಿದೆ, ಆದ್ಯತೆ ಬೇಕು

ನ್ಯಾಯಾಲಯದ ನಿಗಾದಲ್ಲಿ ಸಂಗ್ರಹವಾದ ದಂಡ ಮತ್ತು ಅದಿರು ಮಾರಾಟದ ಪಾಲಿನ ಮೊತ್ತದ ವಿನಿಯೋಗಕ್ಕಾಗಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವನ್ನು ರಚಿಸಲಾಗಿದೆ. ಅದರ ಕಾಮಗಾರಿಗಳ ಮೇಲುಸ್ತುವಾರಿಗೆ ಸುಪ್ರೀಂ ಕೋರ್ಟ್ 2022ರಲ್ಲಿ ನಿವೃತ್ತ ನ್ಯಾಯಮೂರ್ತಿ ಬಿ.ಸುದರ್ಶನ ರೆಡ್ಡಿ ಅವರನ್ನು ನೇಮಿಸಿತು. ಯೋಜನೆಯ ಗಾತ್ರ 20 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಇದಲ್ಲದೆ 2015ರ ಕಾಯ್ದೆ ತಿದ್ದುಪಡಿಯಂತೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಳೆಯ ಗುತ್ತಿಗೆದಾರರು ರಾಜಧನದ ಶೇ 30ರಷ್ಟನ್ನು, ಹರಾಜಿನಲ್ಲಿ ಪಡೆದವರು ಶೇ 10ರಷ್ಟನ್ನು ನೀಡಬೇಕು. ರಾಜ್ಯದ ಇತರ ಯಾವ ಬರಪೀಡಿತ ಸೀಮೆಗೂ ಇಂತಹ ಅವಕಾಶ ಒದಗಿಲ್ಲ.

ಯೋಜನೆಯಲ್ಲಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಅರಣ್ಯೀಕರಣ, ರಸ್ತೆ, ರೈಲು ಎಲ್ಲವೂ ಇವೆ. ರಸ್ತೆ ಮತ್ತು ಕಟ್ಟಡ ಬೇಗ ಕಣ್ಣಿಗೆ ಬೀಳುತ್ತವೆ, ಉದ್ಘಾಟನೆಗೂ ಒದಗುತ್ತವೆ. ಕೆರೆಯ ಹೂಳು ತೆಗೆಯುವುದು, ಅಗೆದ ಇಳಿಜಾರಿನಲ್ಲಿ ಸ್ಥಳೀಯ ಗಿಡ ಬೆಳೆಸುವುದು, ದೂಳು ಕುಡಿದ ಕಾರ್ಮಿಕರ ಶ್ವಾಸಕೋಶ ತಪಾಸಣೆ ಮುಂತಾದ ಕೆಲಸಗಳಿಗೆ ಶಿಲಾಫಲಕ ದೊರೆಯುವುದು ಅಪರೂಪ. ಆದರೆ ಗಣಿ ಮುಚ್ಚಿದ ದಿನ ಜನರ ಕೈಹಿಡಿಯುವುದು ಇವೇ. 133 ಟಿಎಂಸಿ ಅಡಿ ಸಾಮರ್ಥ್ಯದಿಂದ ಆರಂಭವಾದ ತುಂಗಭದ್ರಾ ಜಲಾಶಯ ಹೂಳಿನಿಂದಾಗಿ ಸುಮಾರು 105 ಟಿಎಂಸಿ ಅಡಿಗೆ ಕುಗ್ಗಿದೆ. 2024ರ ಆಗಸ್ಟ್‌ನಲ್ಲಿ ಅದರ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಮೂರು ರಾಜ್ಯಗಳ ರೈತರು ತಲ್ಲಣಿಸಿದ್ದನ್ನು ಮರೆಯುವಂತಿಲ್ಲ.

ಜಿಲ್ಲೆ ಇಬ್ಭಾಗವಾದಾಗ ಹಂಪಿ ಮತ್ತು ಜಲಾಶಯ ವಿಜಯನಗರಕ್ಕೆ ಹೋದವು. ಸಂಡೂರಿನ ಗಣಿಗಳು ಬಳ್ಳಾರಿಯಲ್ಲಿ ಉಳಿದವು. ಹಂಪಿಯ ಕಲ್ಲಿನ ರಥ 50 ರೂಪಾಯಿಯ ನೋಟಿನ ಮೇಲಿದೆ. ಬಳ್ಳಾರಿಗೆ ಏಕಶಿಲಾ ಬೆಟ್ಟದ ಕೋಟೆಯಿದೆ, ಜೀನ್ಸ್ ಹೊಲಿಗೆಯ ಉದ್ಯಮವಿದೆ, ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಅದಿರಿಲ್ಲದೆಯೂ ಬದುಕಬಲ್ಲ ಗುರುತುಗಳು ಇಲ್ಲಿ ಸಾಕಷ್ಟಿವೆ. ಅವುಗಳಿಗೆ ಬಲ ತುಂಬುವ ಕೆಲಸ ಗಣಿಗಳು ನಡೆಯುತ್ತಿರುವಾಗಲೇ, ಹಣ ಕೈಯಲ್ಲಿರುವಾಗಲೇ ಆಗಬೇಕು. ಬೆಳ್ಳಿ ಮುಗಿದ ಮೇಲೆ ಎಚ್ಚೆತ್ತ ನೆವಾಡಕ್ಕೆ ಜೂಜಿನ ದಾರಿ ದೊರೆಯಿತು. ಕೆಜಿಎಫ್‌ಗೆ ಯಾವ ದಾರಿಯೂ ದೊರೆಯಲಿಲ್ಲ. ಸಂಡೂರಿನ ಕಣಿವೆ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಸ್ಥಿತಿ ಬಾರದಂತೆ ನೋಡಿಕೊಳ್ಳುವ ಹೊಣೆ ಸರ್ಕಾರದ್ದು ಮತ್ತು ಆ ಭಾಗದ ಜನಪ್ರತಿನಿಧಿಗಳದ್ದು.